ಬಾಯಲ್ಲಿ ಏನಿದೆ?

"ಅತ್ತೆ, ಕವಳ ಉಗುಳಿ ಬಾ, ಕಾಫಿ ಆರ್ತದೆ" ಎಂದು ಒಳಗಿನಿಂದಲೇ ಕೂಗಿದೆ. ಜಗಲಿಯಲ್ಲಿ ಕೂತು ಅಬ್ಬಲಿಗೆ ಕಟ್ಟುತ್ತಿದ್ದ ಸೋದರತ್ತೆ ತಲೆ ಎತ್ತಲಿಲ್ಲ. "ಕವಳ ಹಾಕಿದ್ರೆ ತಾನೆ ಉಗುಳೋದು" ಅಂದಳು. ಹತ್ತಿರ ಹೋಗಿ ನೋಡಿದೆ. ತುಟಿ ಮುಂದಕ್ಕೆ ಚಾಚಿ ಒಳಕ್ಕೆ ಸರಿಯುತ್ತಿತ್ತು. ದವಡೆ ಮೆಲ್ಲಗೆ ಪಕ್ಕಕ್ಕೆ ಆಡುತ್ತಿತ್ತು. ನಾಲಿಗೆ ಒಳಗಿನಿಂದ ಕೆನ್ನೆಯನ್ನು ಒತ್ತಿದಾಗ ಒಂದು ಗುಳ್ಳೆಯ ಹಾಗೆ ಉಬ್ಬಿ ಇಳಿಯುತ್ತಿತ್ತು. ಕೈಗಳು ಮಾತ್ರ ಎಂದಿನಂತೆ ಹೂವಿಗೆ ಹೂವು ಸೇರಿಸಿ ಬಾಳೆನಾರು ಬಿಗಿಯುತ್ತಿದ್ದವು. ಬಾಯಿ ತನ್ನ ಪಾಡಿಗೆ ತಾನು, ಇಲ್ಲದ ಏನನ್ನೋ ಜಗಿಯುತ್ತಿತ್ತು.

ಇದಾಗಿ ಒಂದು ವರ್ಷದ ಮೇಲೆ, ಇಂಥ ಚಲನೆಯನ್ನು ಅಳೆಯಲು ವೈದ್ಯರು ಬಳಸುವ ಅಳತೆಪಟ್ಟಿಯೊಂದು ನನ್ನ ಕೈಗೆ ಬಂತು. ಪರೀಕ್ಷೆ ಮಾಡುವವರಿಗೆ ಅದರಲ್ಲಿ ಸಾಲಾಗಿ ಸೂಚನೆಗಳಿವೆ. ಮೊದಮೊದಲ ಸೂಚನೆಗಳಲ್ಲೇ ಒಂದು: ಬಾಯಲ್ಲಿ ಏನಾದರೂ ಇದೆಯೇ ಎಂದು ಕೇಳಿ, ಇದ್ದರೆ ತೆಗೆಸಿ. ಬರೆದವರ ಮನಸ್ಸಿನಲ್ಲಿದ್ದದ್ದು ಚ್ಯೂಯಿಂಗ್ ಗಮ್ಮು, ಮಿಠಾಯಿ. ನಾನು ಅತ್ತೆಗೆ ಕೇಳಿದ ಪ್ರಶ್ನೆಯೂ ಅದೇ. ಆ ಸಾಲು ಓದಿದ ದಿನದಿಂದ ಈ ಪಟ್ಟಿಯ ಮೇಲೆ, ಅದನ್ನು ನಂಬಿ ನಡೆದ ಸಂಶೋಧನೆಯ ಮೇಲೆ ಬರೆಯಬೇಕು ಅನ್ನಿಸಿತ್ತು.

ಪಟ್ಟಿಯ ಪೂರ್ತಿ ಹೆಸರು ಅಬ್‌ನಾರ್ಮಲ್ ಇನ್‌ವಾಲಂಟರಿ ಮೂವ್‌ಮೆಂಟ್ ಸ್ಕೇಲ್. ಹೆಸರಿನ ಮೊದಲಕ್ಷರ ಸೇರಿಸಿ ಕರೆದರೆ ದೆಹಲಿಯ ದೊಡ್ಡಾಸ್ಪತ್ರೆಯ ಹೆಸರಿನಂತೆ ಕೇಳುವುದರಿಂದ ಇಲ್ಲಿ ಬರೀ 'ಪಟ್ಟಿ' ಎನ್ನುತ್ತೇನೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ರೂಪಿಸಿದ್ದು, ವಿಲಿಯಂ ಗೈ 1976ರಲ್ಲಿ ಹೊರತಂದ ಕೈಪಿಡಿಯಲ್ಲಿ ಅಚ್ಚಾಯಿತು. ಒಂದೇ ಹಾಳೆ, ಹನ್ನೆರಡು ಅಂಶ. ಮೊದಲ ಏಳು ದೇಹದ ಏಳು ಜಾಗಗಳಿಗೆ: ಮುಖದ ಸ್ನಾಯು, ತುಟಿ ಮತ್ತು ಸುತ್ತಲಿನ ಭಾಗ, ದವಡೆ, ನಾಲಿಗೆ, ಕೈ, ಕಾಲು, ಮುಂಡ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಮುಂದಿನ ಮೂರು ಒಟ್ಟಾರೆ ತೀರ್ಮಾನಕ್ಕೆ. ಕೊನೆಯ ಎರಡು ಹಲ್ಲಿನ ಬಗ್ಗೆ. ಹಲ್ಲಿಲ್ಲದ ಬಾಯಿ, ಸರಿಯಾಗಿ ಕೂರದ ಹಲ್ಲುಸೆಟ್ಟು ಎರಡೂ ತಮ್ಮಷ್ಟಕ್ಕೆ ತುಟಿಯನ್ನು ಆಡಿಸಬಲ್ಲವು. ಅದನ್ನು ರೋಗವೆಂದು ಎಣಿಸಿಬಿಡಬಾರದು ಎಂಬ ಎಚ್ಚರ ಆ ಎರಡು ಸಾಲಿನಲ್ಲಿದೆ.

ಪರೀಕ್ಷೆಗೆ ಯಂತ್ರ ಬೇಡ, ರಕ್ತ ಬೇಡ. ತೋಳಿಲ್ಲದ ಗಟ್ಟಿ ಕುರ್ಚಿಯೊಂದು ಸಾಕು. ರೋಗಿಗೆ ತಿಳಿಯದ ಹಾಗೆ, ಹೊರಗೆ ಕಾಯುತ್ತ ಕೂತಿರುವಾಗಲೇ, ಒಮ್ಮೆ ನೋಡಬೇಕು. ಆಮೇಲೆ ಕುರ್ಚಿಯಲ್ಲಿ ಕೂರಿಸಿ ಕೈಗಳನ್ನು ಮೊಣಕಾಲ ಮೇಲೆ ಇಡಿಸಿ ನೋಡಬೇಕು. ಕೈ ಜೋತುಬಿಡಿಸಿ ನೋಡಬೇಕು. ಬಾಯಿ ತೆರೆಯಿಸಿ ಒಳಗೆ ನಾಲಿಗೆ ಸುಮ್ಮನಿದೆಯೇ ನೋಡಬೇಕು, ಎರಡು ಸಲ. ನಾಲಿಗೆ ಚಾಚಿಸಬೇಕು, ಅದೂ ಎರಡು ಸಲ. ಆಮೇಲೆ ಬರುವ ಹಂತ ನನಗೆ ತುಂಬ ಇಷ್ಟವಾದದ್ದು. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಬೇಗಬೇಗ ಮುಟ್ಟಿಸುತ್ತಾರೆ, ಹತ್ತು ಹದಿನೈದು ಸೆಕೆಂಡು. ರೋಗಿ ತನ್ನ ಬೆರಳನ್ನು ನೋಡುತ್ತಾನೆ, ವೈದ್ಯರು ಬೆರಳು ಬಿಟ್ಟು ಮುಖ ಮತ್ತು ಕಾಲುಗಳನ್ನು ನೋಡುತ್ತಾರೆ. ಮನಸ್ಸು ಬೆರಳಿಗೆ ಹೋದಾಗ, ಅದುವರೆಗೆ ಹಿಡಿದಿಟ್ಟ ತುಟಿ ಕೈತಪ್ಪುತ್ತದೆ. ಹೀಗೆ ಕೆಣಕಿದಾಗಷ್ಟೇ ಕಂಡ ಚಲನೆಗೆ ತಾನಾಗಿ ಕಂಡದ್ದಕ್ಕಿಂತ ಒಂದು ಅಂಕ ಕಡಿಮೆ ಕೊಡಬೇಕೆಂಬ ನಿಯಮವೂ ಮೂಲದಲ್ಲಿದೆ. ಕೊನೆಗೆ ಎದ್ದು ನಿಲ್ಲುವುದು, ಎರಡೂ ಕೈ ಮುಂದೆ ಚಾಚುವುದು, ನಾಲ್ಕು ಹೆಜ್ಜೆ ನಡೆದು ತಿರುಗಿ ಬರುವುದು. ಎಲ್ಲ ಸೇರಿ ಹತ್ತು ನಿಮಿಷ.

ಇಷ್ಟು ಸರಳವಾದ ಸಾಧನವೊಂದು ಐವತ್ತು ವರ್ಷ ನಿಂತಿರುವುದು ಸುಮ್ಮನೆ ಅಲ್ಲ. ಕುರ್ಚಿಗೆ ತೋಳಿರಬಾರದು ಎಂದು ಬರೆದವರು, ತೋಳಿದ್ದರೆ ರೋಗಿ ಅದನ್ನು ಗಟ್ಟಿ ಹಿಡಿದು ಕೈಯ ಅಲುಗಾಟವನ್ನು ಅಡಗಿಸಬಲ್ಲ ಎಂಬುದನ್ನು ಹತ್ತಾರು ರೋಗಿಗಳ ಎದುರು ಕೂತು ಕಂಡವರು. ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಇಂಥ ನೋಟದ ಅನುಭವ ಕಾಣುತ್ತದೆ. ಮುಂದೆ ನಾನು ಎತ್ತುವ ತಕರಾರುಗಳೆಲ್ಲ ಈ ಗೌರವವನ್ನು ಇಟ್ಟುಕೊಂಡೇ ಎತ್ತುವಂಥವು.

ಪಟ್ಟಿ ಬೇಕಾಗಿ ಬಂದದ್ದರ ಹಿಂದೆ ಕಾಲು ಶತಮಾನದ ಕಥೆಯಿದೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಮಾನಸಿಕ ರೋಗಿಗಳಿಗೆ ದಕ್ಕಿತು. ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಟ್ಟವರು ಹೊರಗೆ ಬಂದು ಮಾತಾಡತೊಡಗಿದರು. ಐದೇ ವರ್ಷಕ್ಕೆ, 1957ರಲ್ಲಿ, ಜರ್ಮನಿಯ ಶೋನೆಕರ್ ಎಂಬ ವೈದ್ಯ ಈ ಮಾತ್ರೆ ತೆಗೆದುಕೊಂಡವರ ಬಾಯಿಯಲ್ಲಿ ವಿಚಿತ್ರ ಚಲನೆ ನಿಲ್ಲದೆ ಉಳಿದದ್ದನ್ನು ವರದಿ ಮಾಡಿದ. 1964ರಲ್ಲಿ ಅದಕ್ಕೆ ಟಾರ್ಡಿವ್ ಡಿಸ್ಕೈನೇಸಿಯಾ ಎಂಬ ಹೆಸರು ಬಂತು: ತಡವಾಗಿ ತೋರುವ ಕೆಟ್ಟ ಚಲನೆ. ಹೆಸರು ಬಂದ ಮೇಲೂ ಅದನ್ನು ಒಪ್ಪಲು ವೈದ್ಯಲೋಕ ಹಿಂದೆಮುಂದೆ ನೋಡಿತು. ಔಷಧಿ ಮಾಡಿದ ಉಪಕಾರ ಅಷ್ಟು ದೊಡ್ಡದಾಗಿತ್ತು. ತಡವಾಗಿ ಬರುವುದೂ ಒಂದು ಕಾರಣ. ಮಾತ್ರೆ ಕೊಟ್ಟ ಕೈಗೂ ಅಲುಗುವ ತುಟಿಗೂ ನಡುವೆ ತಿಂಗಳು, ವರ್ಷಗಳ ಅಂತರ. ಇನ್ನೊಂದು ಕಾರಣ ಕಣ್ಣಿಗೆ ಮಣ್ಣೆರಚುವಂಥದು. ಈ ಮಾತ್ರೆಗಳು ಮಿದುಳಿನಲ್ಲಿ ಡೋಪಮೈನ್ ಬಂದು ಕೂರುವ ಜಾಗವನ್ನು ಮುಚ್ಚುತ್ತವೆ. ಬಹುಕಾಲ ಮುಚ್ಚಿದರೆ ಆ ಜಾಗಗಳು ಅತಿಸೂಕ್ಷ್ಮವಾಗುತ್ತವೆ ಎಂಬುದು ಬಹುಮಂದಿ ಒಪ್ಪುವ ವಿವರಣೆ. ಆಗ ಮಾತ್ರೆ ಇಳಿಸಿದರೆ ಚಲನೆ ಹೊರಬೀಳುತ್ತದೆ, ಏರಿಸಿದರೆ ಕೆಲಕಾಲ ಮುಚ್ಚಿಹೋಗುತ್ತದೆ. ತೊಂದರೆ ಕೊಟ್ಟ ಮಾತ್ರೆಯೇ ಅದಕ್ಕೆ ಮದ್ದು ಎಂಬಂತೆ ತೋರುತ್ತದೆ.

ಎದುರುಪಕ್ಷಕ್ಕೂ ಬಲವಾದ ಒಂದು ವಾದವಿತ್ತು. ಈ ಔಷಧಿಗಳು ಹುಟ್ಟುವ ಎಷ್ಟೋ ಮುಂಚೆ ಎಮಿಲ್ ಕ್ರೇಪಲಿನ್ ತನ್ನ ರೋಗಿಗಳ ಮುಖ, ತುಟಿಗಳ ವಿಚಿತ್ರ ಚಲನೆಯನ್ನು ಬರೆದಿಟ್ಟಿದ್ದ. ಹಾಗಾದರೆ ಅದು ರೋಗದ್ದೇ ಗುಣವಲ್ಲವೇ? ತೀರ್ಮಾನಕ್ಕೆ ಬೇಕಾದದ್ದು ಎಣಿಕೆ. ಎಣಿಸಲು, ಲಂಡನ್ನಿನ ವೈದ್ಯನೂ ಮದ್ರಾಸಿನ ವೈದ್ಯನೂ ಒಂದೇ ಬಗೆಯಲ್ಲಿ ನೋಡುವ ಒಂದು ದಾರಿ ಬೇಕಿತ್ತು. ಆ ದಾರಿಯನ್ನು ಪಟ್ಟಿ ಕೊಟ್ಟಿತು.

ಮದ್ರಾಸಿನ ಹೆಸರು ಬಂದದ್ದು ಕಾಕತಾಳೀಯವಲ್ಲ. ಈ ವಾದದಲ್ಲಿ ಬಹಳ ಉಲ್ಲೇಖವಾಗುವ ಅಧ್ಯಯನಗಳಲ್ಲಿ ಒಂದು ನಡೆದದ್ದು ಅಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಮನೋವೈದ್ಯೆ ಶಾರದಾ ಮೆನನ್ 1984ರಲ್ಲಿ ಸ್ಕಿಜೋಫ್ರೇನಿಯಾ ಇರುವವರ ಆರೈಕೆಗೆಂದು ಸ್ಕಾರ್ಫ್ ಸಂಸ್ಥೆಯನ್ನು ಕಟ್ಟಿದರು. ಅಲ್ಲಿನ ಆರ್. ತಾರಾ ಮತ್ತು ಸ್ಕಾಟ್ಲೆಂಡಿನ ರಾಬಿನ್ ಮೆಕ್ರೆಡಿ ಮುಂತಾದವರು ಸೇರಿ ಮಾಡಿದ ಈ ಕೆಲಸ 1996ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಒಟ್ಟು 308 ಹಿರಿಯರನ್ನು ಪರೀಕ್ಷಿಸಿದರು: ಕಾಯಿಲೆಯಿಲ್ಲದವರು 101, ಸ್ಕಿಜೋಫ್ರೇನಿಯಾ ಇರುವ ಕಿರಿಯರ ರಕ್ತಸಂಬಂಧಿಗಳು 103, ಕಾಯಿಲೆಯಿದ್ದು ಔಷಧಿ ತೆಗೆದುಕೊಂಡವರು 83, ಕಾಯಿಲೆಯಿದ್ದೂ ಜನ್ಮದಲ್ಲಿ ಒಂದು ಮಾತ್ರೆಯನ್ನೂ ನುಂಗದವರು 21. ಪಟ್ಟಿ ಹಿಡಿದು ನೋಡಿದಾಗ ಆರೋಗ್ಯವಂತರಲ್ಲಿ ಶೇ. 15, ಸಂಬಂಧಿಕರಲ್ಲೂ ಶೇ. 15, ಔಷಧಿ ಕಾಣದ ರೋಗಿಗಳಲ್ಲಿ ಶೇ. 38, ಔಷಧಿ ಪಡೆದವರಲ್ಲಿ ಶೇ. 41 ಜನರಿಗೆ ಡಿಸ್ಕೈನೇಸಿಯಾ ಇತ್ತು. 38ಕ್ಕೂ 41ಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ವೃದ್ಧ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಈ ಚಲನೆ ರೋಗದ್ದೇ ಭಾಗ, ಔಷಧಿಗೆ ಸಂಬಂಧಿಸಿದ್ದಲ್ಲ ಎಂಬ ತೀರ್ಮಾನಕ್ಕೆ ಲೇಖಕರು ಬಂದರು.

ಈ ಅಧ್ಯಯನದ ದೊಡ್ಡ ಗುಣ, ರೋಗಿಗಳನ್ನು ಮಾತ್ರ ಎಣಿಸಿ ನಿಲ್ಲದೆ ಆರೋಗ್ಯವಂತ ಮುದುಕ ಮುದುಕಿಯರನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದ್ದು. ಆ ಶೇ. 15 ಇಲ್ಲದಿದ್ದರೆ ಉಳಿದ ಯಾವ ಅಂಕಿಗೂ ನೆಲೆಯಿರುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಬಾಯಿ ಆಡಿಸುವ ಅಜ್ಜಂದಿರನ್ನು ನಾವೆಲ್ಲ ನೋಡಿದ್ದೇವೆ, ವಯಸ್ಸಾಯಿತು ಅಂದುಕೊಂಡು ಸುಮ್ಮನಾಗಿದ್ದೇವೆ. ಆ ನೋಟಕ್ಕೆ ಒಂದು ಲೆಕ್ಕ ಸಿಕ್ಕಿತು. ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟುವ ಅವಸರಕ್ಕೆ ಅದು ಕಡಿವಾಣ ಹಾಕಿತು.

ಆದರೆ ತೀರ್ಮಾನ ಪುರಾವೆಗಿಂತ ಮುಂದೆ ಓಡಿದೆ ಎಂಬುದು ನನ್ನ ಅಭಿಪ್ರಾಯ. 21 ಜನರಲ್ಲಿ ಶೇ. 38 ಎಂದರೆ ಎಂಟು ಮಂದಿ. ಆ ಎಂಟರಲ್ಲಿ ಇಬ್ಬರ ತುಟಿಗೆ ಒಂದೊಂದು ಅಂಕ ಕಡಿಮೆ ಬಿದ್ದಿದ್ದರೆ ಶೇಕಡಾವಾರು ಮೂವತ್ತರ ಕೆಳಗೆ ಇಳಿಯುತ್ತಿತ್ತು. ಎರಡು ಜಾಗದಲ್ಲಿ ಅಲ್ಪ ಚಲನೆ ಅಥವಾ ಒಂದು ಜಾಗದಲ್ಲಿ ಮಧ್ಯಮ ಚಲನೆ ಇದ್ದರೆ 'ಇದೆ' ಎಂದು ಬರೆಯುವುದು ಈ ಕ್ಷೇತ್ರದಲ್ಲಿ ರೂಢಿಯಾದ ಅಳತೆ. ಇದೆ, ಇಲ್ಲ ಎಂಬ ಎರಡೇ ಖಾನೆಗೆ ಇಳಿಸಿದಾಗ ಆಗಾಗ ತುಟಿ ಸೊಟ್ಟಗಾಗುವವನೂ ಊಟದ ತುತ್ತು ಬಾಯಲ್ಲಿ ನಿಲ್ಲಿಸಲಾಗದವಳೂ ಒಂದೇ ಲೆಕ್ಕಕ್ಕೆ ಬೀಳುತ್ತಾರೆ. ಜೊತೆಗೆ, ದಶಕಗಟ್ಟಲೆ ಚಿಕಿತ್ಸೆಯಿಲ್ಲದೆ ಮುಪ್ಪಿನವರೆಗೆ ಬದುಕುಳಿದ ಆ 21 ಜನ, ಔಷಧಿ ಪಡೆದ 83 ಜನರಿಗೆ ಬೇರೆಲ್ಲ ವಿಷಯದಲ್ಲೂ ಸಮಾನರು ಎಂದು ಹೇಗೆ ಭಾವಿಸುವುದು? ರೋಗದಿಂದಲೂ ಈ ಚಲನೆ ಬರಬಹುದು ಎನ್ನಲು ಈ ಅಧ್ಯಯನ ಸಾಕು. ಔಷಧಿಗೆ ಇದರಲ್ಲಿ ಪಾಲಿಲ್ಲ ಎನ್ನಲು ಸಾಲದು.

ಆ 21 ಜನರ ಬಗ್ಗೆ ಇನ್ನೊಂದು ಮಾತು. ಅದಕ್ಕೂ ಮುಂಚೆ ಬ್ರಿಟನ್ನಿನಲ್ಲೂ ಇಂಥವರನ್ನು ಹುಡುಕಿದ್ದರು. 1982ರಲ್ಲಿ ಲಂಡನ್ ಬಳಿಯ ಶೆನ್ಲಿ ಆಸ್ಪತ್ರೆಯ ನೂರಾರು ರೋಗಿಗಳ ನಡುವೆ ಔಷಧಿ ಕಾಣದ 47 ಮಂದಿ ಓವೆನ್ಸ್, ಜಾನ್‌ಸ್ಟನ್ ಮತ್ತು ಫ್ರಿತ್ ಅವರಿಗೆ ಸಿಕ್ಕಿದ್ದರು. ಮುಂದೆ ಅಲ್ಲಿ ಅಂಥವರು ಸಿಗುವುದು ದುಸ್ತರವಾಯಿತು, ನಮ್ಮಲ್ಲಿ ಸಿಗುತ್ತಿದ್ದರು. ಸಂಶೋಧನೆಗೆ ಅವರು ಅಮೂಲ್ಯ. ಅವರ ಪಾಲಿಗೆ ಅದು ಒಂದು ಇಡೀ ಆಯುಷ್ಯ ಆಸರೆಯಿಲ್ಲದೆ ಕಳೆದದ್ದರ ಗುರುತು. ಸ್ಕಾರ್ಫ್‌ನಂಥ ಸಂಸ್ಥೆ ಹುಟ್ಟಿದ್ದೇ ಈ ಕೊರತೆ ತುಂಬಲು, ಹಾಗಾಗಿ ನಾನು ಸಂಶೋಧಕರನ್ನು ದೂರುತ್ತಿಲ್ಲ. ಆದರೂ 'ಎಂದೂ ಔಷಧಿ ಪಡೆಯದ ಭಾರತೀಯ ರೋಗಿಗಳು' ಎಂಬ ಅರ್ಥದ ಆ ಶೀರ್ಷಿಕೆಯನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ರೋಗವೋ ಔಷಧಿಯೋ ಎಂಬ ಪ್ರಶ್ನೆಗೆ ನನ್ನ ಕಣ್ಣಿಗೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ಮನೋವೈದ್ಯರ ಕೋಣೆಯ ಹೊರಗೆ, ಹೊಟ್ಟೆಯ ಕಾಯಿಲೆಯಲ್ಲಿ. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್ ಕೂಡ ಡೋಪಮೈನಿನ ಜಾಗವನ್ನೇ ಮುಚ್ಚುತ್ತದೆ. ಅದನ್ನು ಬಹುಕಾಲ ತೆಗೆದುಕೊಂಡವರಲ್ಲಿ ಇದೇ ಚಲನೆ ಕಂಡು, 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹನ್ನೆರಡು ವಾರ ಮೀರಿ ಕೊಡಬೇಡಿ ಎಂಬ ಗಂಭೀರ ಎಚ್ಚರಿಕೆಯನ್ನು ಡಬ್ಬಿಯೊಳಗಿನ ಹಾಳೆಗೆ ಸೇರಿಸಿದರು. ಇವರಿಗೆ ಸ್ಕಿಜೋಫ್ರೇನಿಯಾ ಇರಲಿಲ್ಲ. ತಲೆಸುತ್ತಿಗೆ ನಾವು ಸಲೀಸಾಗಿ ನುಂಗುವ ಪ್ರೊಕ್ಲೋರ್‌ಪೆರಜಿನ್ ಇದೇ ಬಳಗದ್ದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಗ್ಯಾಸಿನ ಮಾತ್ರೆಯ ಜೊತೆ ಬೆರೆಸಿ ಮಾರುವ ಲೆವೊಸಲ್ಪಿರೈಡ್ ಕೂಡ ಹಾಗೆಯೇ. ಅದು ಅಮೆರಿಕದ ಮಾರುಕಟ್ಟೆಗೆ ಬಂದೇ ಇಲ್ಲ. ಅದರಿಂದ ಹುಟ್ಟುವ ನಡುಕ, ಬಿಗಿತ, ಬಾಯಿಯ ಚಲನೆಗಳ ವರದಿಗಳು ಬಂದದ್ದು ಮುಖ್ಯವಾಗಿ ಅದು ಧಾರಾಳವಾಗಿ ಬಳಕೆಯಲ್ಲಿರುವ ಕೊರಿಯಾ ಮತ್ತು ಭಾರತದಿಂದ.

ನನ್ನ ಅತ್ತೆ ನುಂಗುತ್ತಿದ್ದದ್ದು ಅದನ್ನೇ. ಹೊಟ್ಟೆಯುಬ್ಬರಕ್ಕೆಂದು ಒಬ್ಬ ವೈದ್ಯರು ಹದಿನೈದು ದಿನಕ್ಕೆ ಬರೆದುಕೊಟ್ಟ ಚೀಟಿ. ಹೊಟ್ಟೆ ಹಗುರಾಯಿತು. ಚೀಟಿ ಹಳೆಯದಾಗಿ ಮಡಿಕೆ ಮಡಿಕೆ ಹರಿದರೂ ಅಂಗಡಿಯವ ಮಾತ್ರೆ ಕೊಡುತ್ತಲೇ ಇದ್ದ, ಎರಡು ವರ್ಷ. ಬಾಯಿ ಆಡತೊಡಗಿದಾಗ ಒಬ್ಬರು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು, ಇನ್ನೊಬ್ಬರು ವಯಸ್ಸು ಅಂದರು, ಮತ್ತೊಬ್ಬರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಇದನ್ನು ಓದಿ ಯಾರೂ ಮನೋರೋಗದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ನಮ್ಮದೇ ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇರುವವರ ಮನೆಬಾಗಿಲಿಗೇ ಹೋಗಿ ಮಾಡಿದ ಅಧ್ಯಯನ, ಔಷಧಿ ಪಡೆದವರು ಪಡೆಯದವರಿಗಿಂತ ಬದುಕಿನ ಕೆಲಸಗಳಲ್ಲಿ ಎಷ್ಟೋ ಮೇಲಿದ್ದುದನ್ನು ತೋರಿಸಿತು. ಗದ್ದೆಗೆ ಹೋಗುವುದು, ಸ್ನಾನ ಮಾಡುವುದು, ಮನೆಯವರೊಡನೆ ನಾಲ್ಕು ಮಾತಾಡುವುದು ಆ ಮಾತ್ರೆಯಿಂದ ಸಾಧ್ಯವಾದವರಿಗೆ ಅದರ ಬೆಲೆ ಗೊತ್ತು. ಜಗತ್ತಿನಾದ್ಯಂತದ 41 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಮನೋರೋಗದ ಮಾತ್ರೆ ಪಡೆಯುವ ನಾಲ್ವರಲ್ಲಿ ಒಬ್ಬರಿಗೆ ಈ ಚಲನೆ ಇತ್ತು. ಹಳೆಯ ಮಾತ್ರೆಗಳಲ್ಲಿ ಶೇ. 30, ಹೊಸವುಗಳಲ್ಲಿ ಶೇ. 21ರ ಹತ್ತಿರ. ಉಳಿದ ಮೂವರಿಗೆ ಇಲ್ಲ. ಆ ಒಬ್ಬರನ್ನು ಬೇಗ ಕಂಡುಹಿಡಿಯಲು ಮಾತ್ರೆ ಶುರುಮಾಡುವ ಮೊದಲೊಮ್ಮೆ, ಆಮೇಲೆ ಕೆಲವು ತಿಂಗಳಿಗೊಮ್ಮೆ ಆ ಹತ್ತು ನಿಮಿಷದ ಪರೀಕ್ಷೆ ಆಗಬೇಕು. ಒಂದು ಬೆಳಗ್ಗೆ ನೂರು ಜನರನ್ನು ನೋಡಬೇಕಾದ ಹೊರರೋಗಿ ವಿಭಾಗದಲ್ಲಿ ಹತ್ತು ನಿಮಿಷ ಎಲ್ಲಿಂದ ಬರಬೇಕು ಎಂಬ ವೈದ್ಯರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಟ್ಟಿಯ ಮೊದಲ ಹೆಜ್ಜೆ, ಹೊರಗೆ ಕೂತವರನ್ನು ಸುಮ್ಮನೆ ನೋಡುವುದು. ಅದನ್ನು ಕಲಿತ ಒಬ್ಬ ನರ್ಸು ಮಾಡಬಹುದು, ಆಶಾ ಕಾರ್ಯಕರ್ತೆ ಮಾಡಬಹುದು.

ಈ ಚಲನೆಗೆ ಮದ್ದು ಹುಡುಕಿದ ಸಂಶೋಧನೆಯ ಬೇರು ನಮ್ಮ ಕಾಡಿನಲ್ಲಿದೆ. ಬಿಹಾರದ ಕಡೆ ಹುಚ್ಚಿನ ಮದ್ದೆಂದೇ ಹೆಸರಾಗಿದ್ದ ಸರ್ಪಗಂಧದ ಬೇರಿನ ಬಗ್ಗೆ 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ಅದರ ಸಾರವಾದ ರೆಸರ್ಪಿನ್ ಅನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಬೇರ್ಪಡಿಸಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಅಲುಗದೆ ಕೂತವು. ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. 1957ರ ಆ ಪ್ರಯೋಗವೇ ಡೋಪಮೈನಿಗೂ ಚಲನೆಗೂ ನಂಟು ಕಟ್ಟಿತು, 2000ದಲ್ಲಿ ಅವರಿಗೆ ನೊಬೆಲ್ ತಂದಿತು. ರೆಸರ್ಪಿನ್ನಿನ ಹಾಗೆಯೇ ನರಕೋಶದ ಡೋಪಮೈನ್ ದಾಸ್ತಾನನ್ನು ಇಳಿಸುವ ಟೆಟ್ರಾಬೆನಜಿನ್ ಅದೇ ದಶಕದಲ್ಲಿ ರೋಶ್ ಕಂಪನಿಯಲ್ಲಿ ತಯಾರಾಯಿತು. ಟೆಟ್ರಾಬೆನಜಿನ್ನಿನಿಂದ ಹುಟ್ಟಿದ್ದು 2017ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಾಲ್ಬೆನಜಿನ್. ಟಾರ್ಡಿವ್ ಡಿಸ್ಕೈನೇಸಿಯಾಕ್ಕೆಂದೇ ಅಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧಿ ಅದು.

ಆ ಒಪ್ಪಿಗೆಗೆ ದಾರಿಯಾದ ಕೈನೆಕ್ಟ್ 3 ಎಂಬ ಪ್ರಯೋಗವನ್ನು ತುಸು ಹತ್ತಿರದಿಂದ ನೋಡಬೇಕು. ಇನ್ನೂರಕ್ಕೂ ಹೆಚ್ಚು ರೋಗಿಗಳು, ಆರು ವಾರ. ಪರೀಕ್ಷೆಯನ್ನು ವಿಡಿಯೊ ಮಾಡಿ ದೂರದಲ್ಲಿ ಕೂತ ತಜ್ಞರಿಗೆ ಕಳಿಸಿದರು. ಯಾವ ವಿಡಿಯೊ ಮೊದಲಿನದು, ಯಾವುದು ಕೊನೆಯದು ಎಂಬುದು ಅವರಿಗೆ ಗೊತ್ತಿರಲಿಲ್ಲ. ನೋಡುವವನ ಆಸೆ ಅಂಕದಲ್ಲಿ ಬೆರೆಯದಂತೆ ಕಾಯುವ ಈ ಏರ್ಪಾಡು ಶ್ಲಾಘನೀಯ. ಪಟ್ಟಿಯ ಮೊದಲ ಏಳು ಅಂಶಗಳ ಮೊತ್ತ 28ರವರೆಗೆ ಹೋಗಬಹುದು. 80 ಮಿಲಿಗ್ರಾಂ ಪಡೆದವರಲ್ಲಿ ಅದು ಸರಾಸರಿ 3.2ರಷ್ಟು ಇಳಿಯಿತು, ಬರೀ ಹುಸಿಗುಳಿಗೆ ಪಡೆದವರಲ್ಲಿ 0.1ರಷ್ಟು. ಸ್ಪಷ್ಟ ಗೆಲುವು. ಆದರೆ ಒಟ್ಟಾರೆ ರೋಗಿ ಎಷ್ಟು ಸುಧಾರಿಸಿದ್ದಾನೆ ಎಂದು ಚಿಕಿತ್ಸೆ ಕೊಡುವ ವೈದ್ಯರೇ ತೀರ್ಮಾನಿಸುವ ಇನ್ನೊಂದು ಅಳತೆಯನ್ನೂ ಇಟ್ಟುಕೊಂಡಿದ್ದರು. ಅದರಲ್ಲಿ ಎರಡು ಗುಂಪುಗಳ ನಡುವಿನ ಅಂತರ ಸಂಖ್ಯಾಶಾಸ್ತ್ರ ಒಪ್ಪುವಷ್ಟು ದೊಡ್ಡದಾಗಲಿಲ್ಲ. ಆರು ವಾರ ಕಡಿಮೆ ಅವಧಿ ಎಂದು ಸಮಜಾಯಿಷಿ ಹೇಳಬಹುದು, ಅದರಲ್ಲಿ ಸತ್ಯಾಂಶವೂ ಇದೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ತುಟಿ ಮೂರಂಕ ಕಡಿಮೆ ಆಡಿದಾಗ ಆ ಮನುಷ್ಯನ ದಿನ ಹೇಗೆ ಬದಲಾಯಿತು? ಪಟ್ಟಿ ಅದನ್ನು ಹೇಳಲಾರದು.

ಪಟ್ಟಿ ರೋಗಿಯನ್ನು ಕೇಳುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಹತ್ತನೇ ಅಂಶ ಅದಕ್ಕೇ ಇದೆ: ನಿಮ್ಮ ಬಾಯಿ, ಮುಖ, ಕೈಕಾಲು ಆಡುವುದು ನಿಮಗೆ ಗೊತ್ತಾಗುತ್ತದೆಯೇ, ಅದರಿಂದ ಎಷ್ಟು ತೊಂದರೆ? ಗೊತ್ತೇ ಇಲ್ಲದಿದ್ದರೆ ಸೊನ್ನೆ. ಗೊತ್ತಿದೆ, ಸಂಕಟವಿಲ್ಲ ಎಂದರೆ ಒಂದು. ತೀವ್ರ ಸಂಕಟಕ್ಕೆ ನಾಲ್ಕು. ಒಂದು ಬದುಕಿಗೆ ಒಂದು ಅಂಕಿ. ಪ್ರಯೋಗಗಳು ಕೂಡಿಸಿ ತೋರಿಸುವ ಮೊತ್ತಕ್ಕೆ ಆ ಅಂಕಿಯೂ ಸೇರುವುದಿಲ್ಲ. ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಮಂದಿಗೆ ತಮ್ಮ ಚಲನೆಯ ಅರಿವೇ ಇರುವುದಿಲ್ಲ, ಅದಕ್ಕೇ ಕಣ್ಣನ್ನು ನಂಬಬೇಕಾಯಿತು ಎಂಬುದು ಇದರ ಸಮರ್ಥನೆ. ಅರಿವಿಲ್ಲದವರ ವಿಷಯದಲ್ಲಿ ಸರಿ. ಅರಿವಿರುವವರ ಮಾತನ್ನೂ ಅದೇ ಒಂದು ಖಾನೆಗೆ ತುರುಕಿದ್ದೇಕೆ?

ಹೀಗೆ ಕೇಳಲು ಕಾರಣವಿದೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ಲೆವೊಡೋಪಾ ಮಾತ್ರೆಯಿಂದ ಬರುವ ಚಲನೆಗೂ ಡಿಸ್ಕೈನೇಸಿಯಾ ಎಂದೇ ಹೆಸರು. ಅದನ್ನು ಅಳೆಯಲು 2008ರಲ್ಲಿ ಕ್ರಿಸ್ಟೋಫರ್ ಗೆಟ್ಸ್ ಮುಂತಾದವರು ರೂಪಿಸಿದ ಯೂನಿಫೈಡ್ ಡಿಸ್ಕೈನೇಸಿಯಾ ರೇಟಿಂಗ್ ಸ್ಕೇಲ್ ಶುರುವಾಗುವುದೇ ರೋಗಿಯ ಮಾತಿನಿಂದ. ಮಾತಾಡಲು ಎಷ್ಟು ಕಷ್ಟ, ಅಗಿದು ನುಂಗಲು ಎಷ್ಟು ಕಷ್ಟ, ಬಟ್ಟೆ ತೊಡಲು, ಬರೆಯಲು, ಹವ್ಯಾಸಗಳಿಗೆ, ನಾಲ್ಕು ಜನ ಸೇರಿದಲ್ಲಿ ಎಷ್ಟು ಕಷ್ಟ ಎಂದು ಒಂದೊಂದಾಗಿ ಕೇಳಿ, ಆಮೇಲೆ ವೈದ್ಯರ ಕಣ್ಣಿಗೆ ಪಾಳಿ ಕೊಡುತ್ತದೆ. ಹೇಳಿದ್ದೂ ಕಂಡದ್ದೂ ಮೊತ್ತದಲ್ಲಿ ಒಟ್ಟಿಗೆ ಕೂತಿವೆ. ಎರಡು ಪಟ್ಟಿಗಳ ನಡುವೆ ಮೂವತ್ತೆರಡು ವರ್ಷದ ಅಂತರವಿದೆ ಎಂಬುದು ನಿಜ. ಆದರೆ ಅದಷ್ಟೇ ಕಾರಣವೆಂದು ನನಗೆ ತೋರುವುದಿಲ್ಲ. ನರರೋಗಿಯ ಮಾತನ್ನು ವೈದ್ಯಶಾಸ್ತ್ರ ಸಾಕ್ಷಿಯೆಂದು ಒಪ್ಪುತ್ತದೆ, ಮನೋರೋಗಿಯ ಮಾತನ್ನು ರೋಗಲಕ್ಷಣವೆಂದು ಅನುಮಾನಿಸುತ್ತದೆ. ಅದೇ ಅನುಮಾನ ಪಟ್ಟಿಯ ಖಾನೆಗಳಲ್ಲಿ ಅಚ್ಚಾಗಿ ಕೂತಿದೆ. ಟಾರ್ಡಿವ್ ಡಿಸ್ಕೈನೇಸಿಯಾ ಇರುವವರೇ ಉತ್ತರಿಸುವ ಪ್ರಶ್ನಾವಳಿಗಳು ಈಚಿನ ವರ್ಷಗಳಲ್ಲಿ ತಯಾರಾಗಿವೆ. ಔಷಧಿಗೆ ಒಪ್ಪಿಗೆ ಕೊಡುವಾಗ ಮೊದಲ ಅಳತೆಯಾಗಿ ಅವನ್ನು ಪಟ್ಟಿಯ ಪಕ್ಕದಲ್ಲೇ ಕೂರಿಸಬೇಕು.

ಕೊನೆಗೂ ಅತ್ತೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ನಾಲ್ಕು ಜನರ ನಡುವೆ ಹೋಗುವ ಮುಂಚೆ ಒಂದು ಗೋಟಡಿಕೆಯ ಚೂರನ್ನು ದವಡೆಗೆ ಇಟ್ಟುಕೊಳ್ಳುವಳು. ಬಾಯಿ ಯಾಕೆ ಆಡುತ್ತಿದೆ ಎಂದು ಕೇಳುವವರಿಗೆ ಬಾಯಲ್ಲೇ ಉತ್ತರ ಇರುತ್ತಿತ್ತು. ಬಾಯಲ್ಲಿ ಏನಾದರೂ ಇದ್ದರೆ ಚಲನೆ ತುಸು ತಗ್ಗುವುದೂ ಕೆಲವರಲ್ಲಿ ಉಂಟಂತೆ. ಅವಳಿಗೆ ಹಾಗಾಗುತ್ತಿತ್ತೋ ಏನೋ. ಅದಿಲ್ಲದೆ ಅವಳು ಅರಿಶಿನ ಕುಂಕುಮಕ್ಕೂ ಹೋಗುತ್ತಿರಲಿಲ್ಲ.

ವೈದ್ಯೆ ತಾಳ್ಮೆಯ ಹೆಣ್ಣುಮಗಳು. ಮಾತ್ರೆಯ ಚೀಟಿ ನೋಡಿದ ಕೂಡಲೇ ವಿಷಯ ಹಿಡಿದರು. ತೋಳಿಲ್ಲದ ಕುರ್ಚಿ ಎಳೆದು ಕೂರಿಸಿದರು. "ಬಾಯಲ್ಲಿ ಏನಾದ್ರೂ ಇದೆಯಾ ಅಮ್ಮ?" ಎಂದರು. ಅತ್ತೆ ನನ್ನ ಮುಖ ನೋಡಿದಳು. ಸೆರಗಿನ ಮರೆಯಲ್ಲಿ ಚೂರನ್ನು ತೆಗೆದು ನನ್ನ ಅಂಗೈಗೆ ಹಾಕಿದಳು. ಹೆಬ್ಬೆರಳಿಗೆ ಬೆರಳು ಮುಟ್ಟಿಸುವಾಗ, ಹೂ ಕಟ್ಟಿ ಪಳಗಿದ ಆ ಬೆರಳುಗಳು ಒಂದೂ ತಪ್ಪಲಿಲ್ಲ. ಅಷ್ಟು ಹೊತ್ತೂ ನಾಲಿಗೆ ತುಟಿಯ ಸಂದಿನಿಂದ ಇಣುಕಿ ಇಣುಕಿ ಹೋಗುತ್ತಿತ್ತು. ವೈದ್ಯೆ ಬರೆದುಕೊಂಡರು. ಕೊನೆಗೆ ಕೇಳಿದರು, "ಇದರಿಂದ ನಿಮಗೆ ತುಂಬ ತೊಂದರೆ ಆಗ್ತಿದೆಯಾ?"

ಹೊಸ ಊರು, ದೊಡ್ಡ ಡಾಕ್ಟರು, ಎದುರಿಗೆ ಕಾಗದ. "ಅಡ್ಡಿಲ್ಲ" ಅಂದಳು ಅತ್ತೆ.

ಹತ್ತನೇ ಸಾಲಿನಲ್ಲಿ 1 ಎಂದು ಬಿತ್ತು. ಬಾಗಿಲು ದಾಟಿ ಕಾರಿಡಾರಿಗೆ ಬಂದ ಕೂಡಲೇ ಅವಳು ಮಾತಿಲ್ಲದೆ ನನ್ನ ಮುಂದೆ ಕೈ ಚಾಚಿದಳು. ನಾನು ಅಂಗೈ ಬಿಚ್ಚಿ ಅಡಿಕೆ ಚೂರನ್ನು ವಾಪಸ್ ಕೊಟ್ಟೆ.